ಎರಡೂ ಬಾಗಿಲು ತೆರೆದಿರಲಿ

2025ರ ನವೆಂಬರ್‌ನಲ್ಲಿ ನಮ್ಮ ಮನೆಯ ಗೋವಿನಜೋಳ ಎರಡು ದಾರಿ ಹಿಡಿಯಿತು. ನಾನೂ ನನ್ನ ತಮ್ಮನೂ ಜಮೀನು ಹಂಚಿಕೊಂಡು ಹದಿನೆಂಟು ವರ್ಷವಾಯಿತು. ಕಣ ಮಾತ್ರ ಇವತ್ತಿಗೂ ಒಂದೇ. ಒಂದೇ ಮಳೆ, ಒಂದೇ ಅಂಗಡಿಯ ಬೀಜ, ಒಂದೇ ಯಂತ್ರದಲ್ಲಿ ಒಕ್ಕಿದ ಕಾಳು. ಇಬ್ಬರಿಗೂ ಮೊದಲ ಸುತ್ತಿಗೆ ಸರಿಸುಮಾರು ಐವತ್ತೈವತ್ತು ಕ್ವಿಂಟಲ್ ಬಂತು. ನಾನು ಟ್ರ್ಯಾಕ್ಟರ್ ಹೇರಿಕೊಂಡು ರಾಣೆಬೆನ್ನೂರಿನ ಎಪಿಎಂಸಿ ಯಾರ್ಡಿಗೆ ಹೊರಟೆ. ತಮ್ಮ ಕಣದಲ್ಲೇ ನಿಂತು, ಊರಿಗೆ ಬಂದ ಖರೀದಿದಾರನಿಗೆ ಕಾಳು ಅಳೆದುಕೊಟ್ಟ. ಹೊರಡುವಾಗ ಅವನು ಅಂದ: ‘ಆ ಅಡತಿ ಅಂಗಡಿಯ ಕಟ್ಟೆ ಮ್ಯಾಲೆ ಇನ್ನೂ ಎಷ್ಟು ವರ್ಷ ಕೂಡ್ತಿ ಅಣ್ಣ?’ ಈ ಮಾತು ನಮ್ಮಿಬ್ಬರ ನಡುವೆ 2020ರಿಂದ ನಡೆಯುತ್ತಲೇ ಇದೆ. ನಾಡಿನ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದೂ ಇದೇ ಮಾತು. ರೈತ ತನ್ನ ಕಾಳನ್ನು ಸರ್ಕಾರ ಗೊತ್ತುಮಾಡಿದ ಒಂದೇ ಕಡೆ ಮಾರಬೇಕೋ, ಮನಸ್ಸು ಬಂದಲ್ಲಿ ಮಾರಬೇಕೋ?

ಯಾರ್ಡಿನ ದಿನ ಹೇಗಿರುತ್ತದೆಂದು ನೋಡದವರಿಗಾಗಿ ಹೇಳುತ್ತೇನೆ. ಬೆಳಿಗ್ಗೆ ಅಡತಿ ಅಂಗಡಿಯ ಮುಂದೆ ರಾಶಿ ಸುರುವಿದೆವು. ರಾಶಿಗೊಂದು ಲಾಟ್ ನಂಬರ್ ಬಿತ್ತು. ಖರೀದಿದಾರರು ಬಂದು ಬೊಗಸೆಯಲ್ಲಿ ಕಾಳು ಎತ್ತಿ, ಹಲ್ಲಿಗೆ ಹಾಕಿ ಕಚ್ಚಿ, ಯಂತ್ರದಲ್ಲಿ ತೇವಾಂಶ ನೋಡಿ ಹೋದರು. ಬೇಡವೆಂದು ಬಿಟ್ಟ ಕಾಳು ರಾಶಿಗೇ ವಾಪಸ್ ಬೀಳುವುದಿಲ್ಲ. ನೆಲಕ್ಕೆ ಬೀಳುತ್ತದೆ, ಸಂಜೆಗೆ ಗುಡಿಸುವವರ ಪಾಲು. ಮಧ್ಯಾಹ್ನ ಕಂಪ್ಯೂಟರಿನಲ್ಲಿ ಟೆಂಡರ್ ತೆರೆದಾಗ ನನ್ನ ಲಾಟಿಗೆ 1,740 ರೂಪಾಯಿ ಬಂತು. ದರ ಒಪ್ಪಿಗೆಯಾಗದಿದ್ದರೆ ಮಾರದೆ ಎದ್ದುಬರುವ ಹಕ್ಕು ರೈತನಿಗಿದೆ. ಆದರೆ ರಾಶಿಯನ್ನು ಮತ್ತೆ ಚೀಲಕ್ಕೆ ತುಂಬಿ, ಮತ್ತೆ ಬಾಡಿಗೆ ಕೊಟ್ಟು, ಮತ್ತೆ ಊರಿಗೆ ಒಯ್ಯುವ ತ್ರಾಣ ಯಾರಿಗಿದೆ? ಒಪ್ಪಿದೆ.

ಟೆಂಡರ್ ತೆರೆದ ಹತ್ತು ನಿಮಿಷದಲ್ಲೇ ತಮ್ಮನ ಫೋನ್ ಬಂತು. ‘ಏನು ಹೋತು?’ ಅಂದ. ಹೇಳಿದೆ. ಕಣದಲ್ಲಿ ಅವನೆದುರು ಕೂತಿದ್ದ ಖರೀದಿದಾರ ಬೆಳಿಗ್ಗೆಯಿಂದ 1,640ಕ್ಕಿಂತ ಒಂದು ರೂಪಾಯಿ ಮೇಲೆ ಏರಿರಲಿಲ್ಲವಂತೆ. ನನ್ನ ದರ ಕಿವಿಗೆ ಬಿದ್ದ ಮೇಲೆ 1,680ಕ್ಕೆ ಬಂದ. ಕಾಳು ಹೋಯಿತು.

ರಾತ್ರಿ ಇಬ್ಬರೂ ಪಡಸಾಲೆಯಲ್ಲಿ ಕೂತು ಲೆಕ್ಕ ಹಾಕಿದೆವು. ನನ್ನ ಐವತ್ತು ಕ್ವಿಂಟಲಿಗೆ 87,000 ರೂಪಾಯಿ. ಅದರಲ್ಲಿ ಟ್ರ್ಯಾಕ್ಟರ್ ಬಾಡಿಗೆ 2,500, ಹಮಾಲಿ ಮತ್ತು ತೂಕಕ್ಕೆ 1,100, ಊಟ-ಚಹಾಕ್ಕೆ 300 ಕಳೆದರೆ ಕೈಯಲ್ಲಿ ಉಳಿದದ್ದು 83,100. ತಮ್ಮನಿಗೆ ಬಾಡಿಗೆ ಇಲ್ಲ, ಹಮಾಲಿ ಇಲ್ಲ. ಆದರೆ ಖರೀದಿದಾರ ಕ್ವಿಂಟಲಿಗೆ ಎರಡು ಕಿಲೋ ‘ಸೂಟು’ ಕಳೆದಿದ್ದ. ಐವತ್ತು ಕ್ವಿಂಟಲ್ ನಲವತ್ತೊಂಬತ್ತಾಯಿತು, ಹಣ 82,320 ಆಯಿತು. ಐದಾರು ವರ್ಷದಿಂದ ಅಣ್ಣ-ತಮ್ಮ ದನಿ ಏರಿಸಿ ಆಡಿದ ಜಗಳದ ಬೆಲೆ 780 ರೂಪಾಯಿ. ಆ ಹಂಗಾಮಿಗೆ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಸಾರಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 2,400. ಆ ದರದಲ್ಲಿ ಐವತ್ತು ಕ್ವಿಂಟಲಿಗೆ 1,20,000 ಬರಬೇಕಿತ್ತು. ನಮ್ಮ ರಾಶಿ ಹೊರಟ ದಿನ ಆ ಬೆಲೆಗೆ ಕೊಳ್ಳುವವರು ನಮ್ಮ ಸುತ್ತ ಯಾರೂ ಇರಲಿಲ್ಲ. ಇಬ್ಬರೂ ಮೂವತ್ತಾರು ಸಾವಿರಕ್ಕಿಂತ ಹೆಚ್ಚು ಕಳೆದುಕೊಂಡು, ಎಂಟುನೂರರ ಒಳಗಿನ ಮೊತ್ತಕ್ಕೆ ಕಾದಾಡಿದ್ದೆವು.

ಆ ರಾತ್ರಿ ನನಗೆ ಎರಡು ಸಂಗತಿ ಹೊಳೆದವು. ಮೊದಲನೆಯದು, ತಮ್ಮನ ಬಾಗಿಲಿಗೂ ನನ್ನ ಬಾಗಿಲಿಗೂ ಅಂತರ ಇಷ್ಟು ಕಡಿಮೆ ಇರುವುದು ಎರಡೂ ತೆರೆದಿರುವುದರಿಂದ. ಕಣಕ್ಕೆ ಬಂದವನು ಏರಿದ ನಲವತ್ತು ರೂಪಾಯಿ ಯಾರ್ಡಿನ ದರಕ್ಕೆ ಅಂಜಿ ಏರಿದ್ದು. ಅದೇ ರೀತಿ, ರೈತ ಊರಲ್ಲೇ ಮಾರಬಲ್ಲ ಎಂಬ ಅರಿವು ಯಾರ್ಡಿನ ಖರೀದಿದಾರನಿಗೂ ಇದೆ. ಎರಡನೆಯದು, ಯಾವ ಬಾಗಿಲಿಂದ ಹೋದರೂ ಕಾಯುವ ಶಕ್ತಿ ಇಲ್ಲದವನಿಗೆ ಸಿಗುವುದು ಆ ದಿನದ ದರ ಮಾತ್ರ. ಈ ಎರಡನ್ನೂ ಬಿಟ್ಟು ‘ಎಪಿಎಂಸಿ ಉಳಿಸಿ’, ‘ರೈತನಿಗೆ ಸ್ವಾತಂತ್ರ್ಯ ಕೊಡಿ’ ಎಂದು ಎರಡು ಗುಂಪಾಗಿ ಕೂಗುವುದರಲ್ಲಿ ನಮ್ಮ ಅರ್ಧ ಆಯುಷ್ಯ ಹೋಯಿತು.

ಒಂದೇ ಬಾಗಿಲಿನ ಪದ್ಧತಿ ಯಾಕೆ ಬಂತೆಂಬುದನ್ನು ನಮ್ಮಪ್ಪ ಹೇಳುತ್ತಿದ್ದರು. ಅವರು ಹತ್ತಿ ಹೇರಿಕೊಂಡು ಹೋಗುತ್ತಿದ್ದ ಕಾಲದಲ್ಲಿ ದಲಾಲನೂ ಖರೀದಿದಾರನೂ ಟವೆಲ್ಲಿನ ಕೆಳಗೆ ಕೈ ಇಟ್ಟು, ಬೆರಳು ಒತ್ತಿ ದರ ಕುದುರಿಸುತ್ತಿದ್ದರಂತೆ. ಬೆಳೆದವನು ಎದುರಿಗೇ ನಿಂತಿರುತ್ತಿದ್ದ. ಟವೆಲ್ಲಿನ ಕೆಳಗೆ ಏನು ನಡೆಯಿತೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಸಾಲ ಕೊಟ್ಟವನೇ ದಲಾಲ, ತೂಕದ ಕಲ್ಲೂ ಅವನದೇ. ಆ ಕತ್ತಲೆ ಹೋಗಲೆಂದೇ ನಮ್ಮ ಭಾಗ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ 1939ರಲ್ಲಿ ಮಾರುಕಟ್ಟೆ ಕಾಯ್ದೆ ಬಂತು, ಏಕೀಕರಣದ ನಂತರ 1966ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆಯಾಯಿತು. ಎಲ್ಲರ ಕಣ್ಣೆದುರು ಹರಾಜು, ಪರೀಕ್ಷೆಯಾದ ತಕ್ಕಡಿ, ಲೈಸೆನ್ಸ್ ಇರುವ ಖರೀದಿದಾರ, ರೈತರೇ ಮತ ಹಾಕಿ ಆರಿಸುವ ಸಮಿತಿ, ಇವೆಲ್ಲ ಆ ಕಾಯ್ದೆಗಳ ಕೊಡುಗೆ. ದಲಾಲಿಯನ್ನು ಕೊಳ್ಳುವವನೇ ಕೊಡಬೇಕು, ರೈತನಿಂದ ಮುರಿಯಬಾರದು ಎಂಬ ನಿಯಮವೂ ಬಂತು. ಟವೆಲ್ ಎಳೆದು ಬಿಸಾಡಿದ್ದು ಕಾನೂನು. ಇದನ್ನು ನನ್ನ ತಮ್ಮನಂಥವರು ಮರೆಯಬಾರದು.

ಆದರೆ ನನ್ನಂಥವರೂ ಒಂದು ಮಾತನ್ನು ಮರೆಮಾಚಬಾರದು. ಬೇರೆ ಬಾಗಿಲೇ ಇಲ್ಲವೆಂದು ಗೊತ್ತಾದಾಗ ಯಾರ್ಡಿನೊಳಗೂ ಕತ್ತಲೆ ಕವಿಯಿತು. ನಿಯಮದ ಪಟ್ಟಿಯ ಬದಲು ಕೈಗೆ ಬಿಳಿ ಚೀಟಿ ಬಂತು. ಕಾನೂನು ಬೇಡವೆಂದ ದಲಾಲಿಯನ್ನು ಬೇರೆ ಹೆಸರಿನಲ್ಲಿ ಮತ್ತೆ ಮುರಿದುಕೊಂಡರು. ನಮ್ಮಪ್ಪ ತೀರಿಕೊಂಡ ವರ್ಷ ಮುಂಗಡ ಕೊಟ್ಟ ಒಬ್ಬ ಅಡತಿಯವರು, ಎರಡು ಸುಗ್ಗಿಯವರೆಗೆ ನಮ್ಮ ಕಾಳು ಬೇರೆ ಅಂಗಡಿಯ ಮುಂದೆ ಇಳಿಯದಂತೆ ನೋಡಿಕೊಂಡರು. ಆಗ ತಮ್ಮನಿಗೆ ಇಪ್ಪತ್ತೆರಡು ವರ್ಷ. ಯಾರ್ಡಿನ ಮೇಲಿನ ಅವನ ಸಿಟ್ಟು ಅಂದು ಹುಟ್ಟಿದ್ದು, ಅದು ನ್ಯಾಯವಾದ ಸಿಟ್ಟು. ನಮ್ಮ ಪಕ್ಕದ ಬ್ಯಾಡಗಿ ಮೆಣಸಿನಕಾಯಿಗೆ ಜಗತ್ತಿನಲ್ಲೆಲ್ಲ ಹೆಸರಾದ ಮಾರುಕಟ್ಟೆ. 2024ರ ಮಾರ್ಚ್‌ನಲ್ಲಿ ಅಲ್ಲಿ ದರ ಒಮ್ಮೆಗೇ ಕುಸಿದಾಗ ರೈತರ ಆಕ್ರೋಶ ಬೆಂಕಿಯಾಯಿತು. ಎಪಿಎಂಸಿಯ ಕಚೇರಿಯೂ ವಾಹನಗಳೂ ಸುಟ್ಟವು. ಬೆಂಕಿ ಹಚ್ಚಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ತನ್ನದೆಂದುಕೊಂಡ ಕಟ್ಟಡಕ್ಕೆ ರೈತ ಬೆಂಕಿ ಹಚ್ಚುವುದಿಲ್ಲ ಎಂಬುದನ್ನು ಸಮಿತಿಗಳಲ್ಲಿ ಕೂತವರು ಮನಸ್ಸಿಗೆ ತಂದುಕೊಳ್ಳಬೇಕು.

2020ರ ಮೇ ತಿಂಗಳಲ್ಲಿ, ಕೊರೊನಾದ ಭಯದಲ್ಲಿ ಊರುಗಳು ಬಾಗಿಲು ಹಾಕಿಕೊಂಡಿದ್ದಾಗ, ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಮಾರುಕಟ್ಟೆ ಕಾಯ್ದೆಯನ್ನು ತಿದ್ದಿತು. ಸಮಿತಿಯ ಅಧಿಕಾರ ಯಾರ್ಡಿನ ಗೋಡೆಯೊಳಗೆ ಮಾತ್ರ ಎಂದಾಯಿತು, ಹೊರಗೆ ಮಾರುವ ಬಾಗಿಲು ತೆರೆಯಿತು. ಮುಂದಿನ ತಿಂಗಳೇ ಕೇಂದ್ರದ ಸುಗ್ರೀವಾಜ್ಞೆಗಳು ಬಂದವು, ಸೆಪ್ಟೆಂಬರಿನಲ್ಲಿ ಕಾಯ್ದೆಗಳಾದವು. ದೆಹಲಿಯ ಗಡಿಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಧರಣಿ ನಡೆದು, 2021ರ ನವೆಂಬರಿನಲ್ಲಿ ಸಂಸತ್ತು ಅವನ್ನು ಹಿಂಪಡೆಯಿತು. ನಮ್ಮ ರಾಜ್ಯದ ತಿದ್ದುಪಡಿಯನ್ನು ತೆಗೆಯುವ ಮಸೂದೆ 2023ರಲ್ಲಿ ವಿಧಾನಸಭೆಗೆ ಬಂತು. ತರುವಾಗಲೂ ತೆಗೆಯಲು ಹೊರಟಾಗಲೂ ‘ರೈತರ ಹಿತಕ್ಕಾಗಿ’ ಎಂದರು. ನಮ್ಮ ಊರಿನ ಕಟ್ಟೆಗೆ ಬಂದು ‘ನಿಮಗೇನು ಬೇಕು?’ ಎಂದು ಕೇಳಿದವರು ಎರಡು ಸಲವೂ ಯಾರೂ ಇಲ್ಲ.

ಹೊಸ ಬಾಗಿಲು ತೆರೆದದ್ದು ತಪ್ಪಲ್ಲ. ಎರಡು ಬಾಗಿಲಿಗೆ ಎರಡು ನಿಯಮ ಇಟ್ಟದ್ದು ತಪ್ಪು. ಆಗ ಯಾರ್ಡಿನೊಳಗೆ ಕೊಂಡವನು ನೂರಕ್ಕೆ ಒಂದೂವರೆ ರೂಪಾಯಿ ಮಾರುಕಟ್ಟೆ ಶುಲ್ಕ ಕಟ್ಟಬೇಕಿತ್ತು. ಹೊರಗೆ ಕೊಂಡವನಿಗೆ ಶುಲ್ಕವಿಲ್ಲ, ದರ ಬರೆಯಿಸುವ ಕಟ್ಟುಪಾಡಿಲ್ಲ. ಆಮೇಲೆ ಒಳಗಿನ ಶುಲ್ಕ ಇಳಿಸಿದರೂ ಅಷ್ಟರಲ್ಲಿ ವ್ಯಾಪಾರ ಹೊರಕ್ಕೆ ಹರಿದಿತ್ತು, ಸಮಿತಿಗಳ ಆದಾಯ ಕುಸಿದಿತ್ತು. ಆದಾಯ ಕುಸಿದರೆ ಏನಾಗುತ್ತದೆಂದು ಯಾರ್ಡಿಗೆ ಹೋಗುವವರಿಗೆ ಗೊತ್ತು. ಕುಡಿಯುವ ನೀರಿನ ತೊಟ್ಟಿ ಒಣಗುತ್ತದೆ, ಸೋರುವ ಶೆಡ್ಡಿಗೆ ಹೊಸ ತಗಡು ಬರುವುದಿಲ್ಲ, ಒಂದು ಮಳೆಗೆ ರಾಶಿ ಮೊಳಕೆಯೊಡೆಯುತ್ತದೆ. ರೈತ ಬೇಸತ್ತು ಬರುವುದನ್ನು ಬಿಡುತ್ತಾನೆ, ಅವನ ಹಿಂದೆ ಖರೀದಿದಾರನೂ ಬಿಡುತ್ತಾನೆ. ಯಾರೂ ಮುಚ್ಚದೆ ಒಂದು ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಆಗ ಉಳಿಯುವುದು ಮತ್ತೆ ಒಂದೇ ಬಾಗಿಲು, ಅದಕ್ಕೆ ಸಮಿತಿಯೂ ಇಲ್ಲ, ತಕ್ಕಡಿ ಪರೀಕ್ಷಿಸುವವರೂ ಇಲ್ಲ.

ಹೊರಗಿನ ಬಾಗಿಲಿನ ಪೆಟ್ಟನ್ನೂ ನಾನು ತಿಂದಿದ್ದೇನೆ. 2021ರ ಸುಗ್ಗಿಯಲ್ಲಿ ತಮ್ಮನ ಮಾತು ಕೇಳಿ, ದೂರದ ಊರಿನವನೆಂದು ಹೇಳಿಕೊಂಡ ಒಬ್ಬ ವ್ಯಾಪಾರಿಗೆ ಒಂದು ಲಾರಿ ಕಾಳು ಕೊಟ್ಟೆ. ಯಾರ್ಡಿಗಿಂತ ಕ್ವಿಂಟಲಿಗೆ ಮೂವತ್ತು ರೂಪಾಯಿ ಹೆಚ್ಚು ಹೇಳಿದ್ದ. ಅರ್ಧ ಹಣ ಕೈಗೆ ಕೊಟ್ಟ. ಉಳಿದರ್ಧಕ್ಕೆ ಎಂಟು ದಿನ ಅಂದ. ಒಂಬತ್ತನೇ ದಿನ ಫೋನ್ ಬಂದ್ ಆಯಿತು. ಪೊಲೀಸ್ ಠಾಣೆಯಲ್ಲಿ ನನ್ನ ಬಳಿ ತೋರಿಸಲು ಇದ್ದದ್ದು ತೂಕ ಬರೆದ ಬೀಡಿ ಪೊಟ್ಟಣದ ಹಾಳೆ. ಯಾರ್ಡಿನಲ್ಲಿ ಮೋಸವಾದರೆ ದೂರು ಕೊಡಲು ಕಾರ್ಯದರ್ಶಿಯ ಕೊಠಡಿಯಾದರೂ ಇದೆ, ಹಣ ಕೊಡದವನ ಲೈಸೆನ್ಸಿನ ಮೇಲೆ ಹಿಡಿತವಿದೆ. ಕಣದಲ್ಲಿ ಮೋಸವಾದರೆ ಆ ಲಾರಿ ಎಬ್ಬಿಸಿದ ದೂಳು ಮಾತ್ರ.

ರೈತರೊಳಗೇ ಈ ಜಗಳ ಹೊಸದಲ್ಲ. 1993ರ ಅಕ್ಟೋಬರಿನಲ್ಲಿ ಹಸಿರು ಶಾಲು ಹೊದ್ದು ನಾನೂ ಬೆಂಗಳೂರಿಗೆ ಹೋದವನು. ಜಾಗತಿಕ ವ್ಯಾಪಾರದ ಡಂಕೆಲ್ ಒಪ್ಪಂದದ ವಿರುದ್ಧ ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರೆಗೆ ಲಕ್ಷಾಂತರ ಜನ ಸೇರಿದ್ದರು. ಅದೇ ಹೊತ್ತಿನಲ್ಲಿ ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ ಆ ಒಪ್ಪಂದದ ಪರ ನಿಂತಿದ್ದರು. ರೈತನನ್ನು ಬಡವನನ್ನಾಗಿಸಿದ್ದು ಸರ್ಕಾರದ ಕಟ್ಟುಪಾಡು, ಮಾರುಕಟ್ಟೆ ಬಿಟ್ಟರೆ ಅವನು ಬದುಕಿಕೊಳ್ಳುತ್ತಾನೆ ಎಂಬುದು ಅವರ ವಾದ. ಅಂದು ನಮಗೆ ಅವರು ಎದುರಾಳಿ. ಇಂದು ಯೋಚಿಸಿದರೆ ಅವರ ಸಿಟ್ಟಿನ ಬೇರೂ ಕಾಣುತ್ತದೆ. ಮಹಾರಾಷ್ಟ್ರದಲ್ಲಿ 1972ರಿಂದ ಹತ್ತಿಗೆ ಸರ್ಕಾರವೇ ಏಕೈಕ ಖರೀದಿದಾರನಾಗಿತ್ತು. ಹೊರಗೆ ದರ ಏರಿದ ವರ್ಷ ಅಲ್ಲಿನ ಹತ್ತಿ ರಾತ್ರೋರಾತ್ರಿ ಗಡಿ ದಾಟುತ್ತಿತ್ತು, ತಾನೇ ಬೆಳೆದ ಬೆಳೆಗೆ ರೈತ ಕಳ್ಳಸಾಗಣೆದಾರನಾಗುತ್ತಿದ್ದ. 1973ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಗೋಧಿಯ ಸಗಟು ವ್ಯಾಪಾರವನ್ನೆಲ್ಲ ಕೈಗೆ ತೆಗೆದುಕೊಂಡಿತು. ಕಾಳು ಮಾರುಕಟ್ಟೆಗೆ ಬರುವುದೇ ಕಡಿಮೆಯಾಗಿ, ಮರುವರ್ಷ ಅದನ್ನು ಕೈಬಿಡಬೇಕಾಯಿತು. ಒಬ್ಬನೇ ಕೊಳ್ಳುವವನಾದರೆ ಅವನು ಸರ್ಕಾರವಾದರೂ ಅಷ್ಟೇ, ಸಾಹುಕಾರನಾದರೂ ಅಷ್ಟೇ.

ನಮ್ಮ ರಾಜ್ಯದಲ್ಲಿ ಎರಡೂ ಬಾಗಿಲನ್ನು ಕಂಡವರೆಂದರೆ ಕಾಫಿ ಬೆಳೆಗಾರರು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ, 1940ರ ದಶಕದ ಮೊದಲಲ್ಲಿ, ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕೆಂಬ ಕಾಯ್ದೆ ಬಂತು. ಮನೆ ಬಳಕೆಗೆ, ಬೀಜಕ್ಕೆ ಬಿಟ್ಟು ಉಳಿದದ್ದೆಲ್ಲ ಮಂಡಳಿಗೆ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಮೂಡಿಗೆರೆಯವನು. ಅವನ ತಂದೆ ಕಾಫಿ ಕೊಟ್ಟ ಮೇಲೆ ಹಣ ಕಂತುಕಂತಾಗಿ ಬರುತ್ತಿತ್ತು, ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಮಂಡಳಿ ಸೇರಿರುತ್ತಿತ್ತು. ಜಗತ್ತಿನಲ್ಲಿ ದರ ಏರಿದಾಗ ಅದರ ಪಾಲು ತಮಗೆ ಸಿಗಲಿಲ್ಲವೆಂದು ಬೆಳೆಗಾರರೇ ಹೋರಾಡಿದರು. 1992ರಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ ಬಂದು, 1996ರಲ್ಲಿ ಪೂಲ್ ಪೂರ್ತಿ ಕೊನೆಗೊಂಡಿತು. ಆಮೇಲೆ ಒಳ್ಳೆಯ ವರ್ಷವೂ ಬಂತು, ಈ ಶತಮಾನದ ಆರಂಭದಲ್ಲಿ ತೋಟವನ್ನೇ ಮಾರುವಂಥ ಕುಸಿತವೂ ಬಂತು, ಈಚೆಗೆ ಹಿಂದೆಂದೂ ಕಾಣದ ದರವೂ ಬಂತು. ಮತ್ತೆ ಪೂಲ್ ಬೇಕೇ ಎಂದು ಕೇಳಿದರೆ ಗೆಳೆಯ ‘ಬೇಡ’ ಅನ್ನುತ್ತಾನೆ. ಆದರೆ ಒಂದು ಮಾತು ಸೇರಿಸುತ್ತಾನೆ. ಪೂಲ್ ಹೋದರೂ ಮಂಡಳಿ ಹೋಗಲಿಲ್ಲ. ಬಾಳೆಹೊನ್ನೂರಿನ ಸಂಶೋಧನೆ ಉಳಿಯಿತು, ದರದ ಮಾಹಿತಿ ಎಲ್ಲರಿಗೂ ಸಿಗುವಂತಾಯಿತು. ಅವರಿಗೂ ನಮಗೂ ಒಂದು ವ್ಯತ್ಯಾಸವಿದೆ: ಒಣಗಿಸಿದ ಕಾಫಿಯನ್ನು ಗೋದಾಮಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯಬಹುದು. ಗೋವಿನಜೋಳಕ್ಕೆ ಎರಡು ತಿಂಗಳಲ್ಲೇ ಹುಳ ಬೀಳುತ್ತದೆ.

ಕೆನಡಾದ ಗೋಧಿ ರೈತರ ಕಥೆ ಓದಿದಾಗ ನಮ್ಮ ಪಡಸಾಲೆಯ ಜಗಳವೇ ಅಲ್ಲಿ ದೊಡ್ಡದಾಗಿ ಕಂಡಿತು. ಅಲ್ಲಿನ ಪಶ್ಚಿಮ ಪ್ರಾಂತ್ಯಗಳ ಗೋಧಿಯನ್ನೆಲ್ಲ 1943ರಿಂದ ಗೋಧಿ ಮಂಡಳಿಯೇ ಮಾರುತ್ತಿತ್ತು. ಬಂದ ಹಣವನ್ನು ಒಟ್ಟುಗೂಡಿಸಿ ಎಲ್ಲರಿಗೂ ಹಂಚುತ್ತಿತ್ತು. ತಮ್ಮ ಗೋಧಿಯನ್ನು ತಾವೇ ಅಮೆರಿಕದ ಗಡಿ ದಾಟಿಸಿದ್ದಕ್ಕೆ ದಂಡ ಬಿದ್ದಾಗ, ಕಟ್ಟಲು ಒಪ್ಪದೆ 2002ರಲ್ಲಿ ಹದಿಮೂರು ರೈತರು ಜೈಲಿಗೆ ಹೋದರು. ಅವರು ನನ್ನ ತಮ್ಮನ ಪಂಗಡ. 2011ರಲ್ಲಿ ಮಂಡಳಿ ತಾನೇ ರೈತರ ಮತ ಕೇಳಿದಾಗ ಗೋಧಿ ಬೆಳೆಗಾರರಲ್ಲಿ ಶೇ 62ರಷ್ಟು ಮಂದಿ ಮಂಡಳಿಯ ಏಕಸ್ವಾಮ್ಯ ಇರಲಿ ಎಂದರು, ಬಾರ್ಲಿಯವರಲ್ಲಿ ಶೇ 51. ಅವರು ನನ್ನ ಪಂಗಡ. ಸರ್ಕಾರ ಆ ಮತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2012ರ ಆಗಸ್ಟ್ 1ಕ್ಕೆ ಏಕಸ್ವಾಮ್ಯ ಮುಗಿಯಿತು. ರೈತ ಬೇಕಾದರೆ ಮಂಡಳಿಗೆ, ಬೇಡವಾದರೆ ಬೇರೆಯವರಿಗೆ ಮಾರಬಹುದು ಎಂದಾಯಿತು. ಮೂರು ವರ್ಷದಲ್ಲಿ ಆ ಮಂಡಳಿಯ ಬಹುಪಾಲು ಒಡೆತನ ಒಂದು ಬಹುರಾಷ್ಟ್ರೀಯ ಕಂಪನಿ ಮತ್ತು ಒಂದು ಸೌದಿ ಕಂಪನಿಯ ಕೂಟಕ್ಕೆ ಮಾರಾಟವಾಯಿತು. ಅಲ್ಲಿನ ರೈತರು ಲಾಭ ಕಂಡರೋ ನಷ್ಟ ಕಂಡರೋ ಎಂದು ತೀರ್ಪು ಕೊಡುವವನು ನಾನಲ್ಲ, ಅವರಲ್ಲೇ ಈಗಲೂ ಎರಡು ಮಾತಿದೆ. ನಾನು ಕಲಿತದ್ದು ಇಷ್ಟು: ರೈತರು ತಲೆಮಾರುಗಟ್ಟಲೆ ಕಟ್ಟಿದ ಸಂಸ್ಥೆಯನ್ನು ಕೆಡವಲು ಒಂದು ಕಾಯ್ದೆ ಸಾಕು, ಮತ್ತೆ ಕಟ್ಟುತ್ತೇವೆಂದರೆ ಆಗುವುದಿಲ್ಲ. ಆದ್ದರಿಂದ ಕೆಡವುವ ಮೊದಲು ಕೇಳಬೇಕು, ಕೇಳಿದ ಮೇಲೆ ಉತ್ತರಕ್ಕೆ ಬೆಲೆ ಕೊಡಬೇಕು.

ಹಾಗಾದರೆ ಏನು ಮಾಡಬೇಕು? ರೈತ ಎಲ್ಲಿ ಬೇಕಾದರೂ ಮಾರಲಿ. ಇದನ್ನು ನನ್ನ ತಮ್ಮನಿಗೆ ಮನಸಾರೆ ಬಿಟ್ಟುಕೊಡುತ್ತೇನೆ. ಆದರೆ ಹೊರಗೆ ಕೊಳ್ಳುವವನೂ ಲೈಸೆನ್ಸ್ ಪಡೆಯಲಿ, ಠೇವಣಿ ಇಡಲಿ, ಯಾರ್ಡಿನಲ್ಲಿ ಕೊಳ್ಳುವವನಷ್ಟೇ ಶುಲ್ಕ ಕಟ್ಟಲಿ. ಎಷ್ಟು ಕೊಂಡ, ಯಾವ ದರಕ್ಕೆ ಕೊಂಡ ಎಂಬುದನ್ನು ಅದೇ ದಿನ ದಾಖಲಿಸಲಿ. 2014ರಲ್ಲೇ ದೇಶಕ್ಕೆ ಮೊದಲಾಗಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಕಟ್ಟಿ, ಯಾರ್ಡುಗಳನ್ನು ಕಂಪ್ಯೂಟರಿಗೆ ಜೋಡಿಸಿದ ರಾಜ್ಯ ನಮ್ಮದು. ಕಣದ ವ್ಯಾಪಾರವನ್ನೂ ಅದೇ ಪರದೆಯ ಮೇಲೆ ತರುವುದು ಅಸಾಧ್ಯವೇನಲ್ಲ. ಯಾರ್ಡಿನೊಳಗೆ ಬಿಳಿ ಚೀಟಿ ಕೊಟ್ಟವನ ಅಂಗಡಿ ಮುಚ್ಚಲಿ, ಸಂಗ್ರಹವಾದ ಶುಲ್ಕ ಶೆಡ್ಡಿಗೂ ನೀರಿಗೂ ಒಣಗಿಸುವ ಯಂತ್ರಕ್ಕೂ ಹೋಗಲಿ. ಹೆದ್ದಾರಿಯ ಬದಿಯಲ್ಲಿ ಕಾಳು ಹರವಿ, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಒಣಗಿಸುವ ಗತಿ ಇನ್ನು ಬೇಡ.

ಇದೆಲ್ಲಕ್ಕಿಂತ ಮೊದಲು ಕಾಯುವ ಶಕ್ತಿ ಬೇಕು. ನಮ್ಮಜ್ಜನ ಕಾಲದಲ್ಲಿ ಹಗೇವು ಇತ್ತು. ಊರ ಎತ್ತರದ ನೆಲದಲ್ಲಿ ತೋಡಿದ ಆ ಗುಂಡಿಗೆ ಹುಲ್ಲು ಹಾಸಿ ಬಿಳಿಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಬರಗಾಲದವರೆಗೂ ಕಾಳು ಕೆಡುತ್ತಿರಲಿಲ್ಲ. ದರ ಬಾರದಿದ್ದರೆ ಅಜ್ಜ ಹಗೇವಿನ ಬಾಯಿ ತೆರೆಯುತ್ತಿರಲಿಲ್ಲ, ಅವನಿಗಿದ್ದ ದೊಡ್ಡ ಸ್ವಾತಂತ್ರ್ಯ ಅದು. ಇಂದಿನ ಹಗೇವು ಅಂದರೆ ಉಗ್ರಾಣ ಮತ್ತು ಅಡಮಾನ ಸಾಲ. ಕಾಳು ಒತ್ತೆ ಇಟ್ಟು ಸಾಲ ಪಡೆಯುವ ಯೋಜನೆ ನಮ್ಮ ರಾಜ್ಯದಲ್ಲಿ ಹೆಸರಿಗೆ ಇದೆ. ನಮ್ಮ ಹೋಬಳಿಯಲ್ಲಿ ಅದಕ್ಕೆ ತಕ್ಕ ಉಗ್ರಾಣವಿಲ್ಲ. ಹೋಬಳಿಗೊಂದು ಒಣ ಉಗ್ರಾಣ, ಒಂದೇ ದಿನದಲ್ಲಿ ಕೈಗೆ ಸಿಗುವ ಸಾಲ, ಇವೆರಡಿದ್ದರೆ ನವೆಂಬರಿನಲ್ಲಿ ಎಲ್ಲರೂ ಒಟ್ಟಿಗೆ ಮಾರಿ ಒಟ್ಟಿಗೆ ಮುಳುಗುವುದು ತಪ್ಪುತ್ತದೆ. ಬೆಂಬಲ ಬೆಲೆ ಸಾರಿದವರು ಕಾಳು ಕಣದಲ್ಲಿರುವಾಗಲೇ ಖರೀದಿ ಕೇಂದ್ರ ತೆರೆಯಬೇಕು. ಕಣ ಬರಿದಾದ ಮೇಲೆ ತೆರೆದರೆ ಅದು ವ್ಯಾಪಾರಿಯ ಕಾಳಿಗೆ ಸಿಕ್ಕ ಬೆಂಬಲ.

ಕೊನೆಯದಾಗಿ, ಮಾರುಕಟ್ಟೆ ಕಾಯ್ದೆಯನ್ನು ಇನ್ನೊಮ್ಮೆ ಮುಟ್ಟುವ ಮುನ್ನ ರೈತರ ಮತ ಕೇಳಿ. ಸಮಿತಿಯ ಚುನಾವಣೆಗೆ ಮತದಾರರ ಪಟ್ಟಿ ಇದ್ದೇ ಇದೆ. ಅದೇ ಪಟ್ಟಿ, ಅದೇ ಪೆಟ್ಟಿಗೆ ಸಾಕು. ತಮ್ಮ ಒಂದಕ್ಕೆ ಒತ್ತಲಿ, ನಾನು ಇನ್ನೊಂದಕ್ಕೆ ಒತ್ತುತ್ತೇನೆ. ಸೋತರೆ ಒಪ್ಪಿಕೊಳ್ಳುತ್ತೇನೆ.

ಮುಂದಿನ ಸುಗ್ಗಿಗೂ ನಮ್ಮ ಕಾಳು ಎರಡು ದಾರಿ ಹಿಡಿಯಬಹುದು. ಅವನು ಕಣದಲ್ಲಿ ನಿಲ್ಲುತ್ತಾನೆ, ನಾನು ಯಾರ್ಡಿನಲ್ಲಿ. ಮಧ್ಯಾಹ್ನ ಅವನ ಫೋನ್ ಬಂದೇ ಬರುತ್ತದೆ: ‘ಏನು ಹೋತು ಅಣ್ಣ?’ ಆ ಹೊತ್ತಿಗೆ ಅವನಿಗೆ ಹೇಳಲು ನನ್ನ ಬಳಿ ಒಂದು ದರ ಇರಬೇಕು.